ಟ್ರಾಕ್ಟರು ಲಾರಿ ಹತ್ತಿದ ದಿನ

ಇವತ್ತು ಬೆಳಿಗ್ಗೆ ನಮ್ಮ ಟ್ರಾಕ್ಟರು ಯಾರೂ ತಳ್ಳದೆ, ಯಾರೂ ಎಳೆಯದೆ, ತಾನಾಗಿಯೇ ಓಡಿಕೊಂಡು ಹೋಗಿ ಲಾರಿ ಹತ್ತಿತು. ಓಡಿಸಿದ್ದು ನಾನು. ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತದ್ದು ಮೊಮ್ಮಗಳು ಅಮ್ಮು. ಇದಿಷ್ಟನ್ನು ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ಇನ್ನು ಉಳಿದದ್ದನ್ನು ನಿಧಾನವಾಗಿ ಹೇಳಬಹುದು.

ವಯಸ್ಸಾದ ಮೇಲೆ ಕೆಲವರಿಗೆ ಯಾತ್ರೆಯ ಹುಚ್ಚು ಹಿಡಿಯುತ್ತದೆ, ಕೆಲವರಿಗೆ ಮದ್ದಿನದು. ನನಗೆ ಹಿಡಿದದ್ದು ಹಳೆ ಟ್ರಾಕ್ಟರಿನ ಹುಚ್ಚು. ನಾನು ಓದಿದ್ದು ಐದನೇ ಕ್ಲಾಸು. ಆಮೇಲೆ ಕುಂಬಳೆಯ ಕಡೆ ಧಣಿಗಳೊಬ್ಬರ ಗದ್ದೆಯಲ್ಲಿ ಕೆಲಸ. ಅವರಿಗೊಂದು ಕೆಂಪು ಟ್ರಾಕ್ಟರಿತ್ತು. ಮಡ್‌ಗಾರ್ಡಿನ ಮೇಲೆ ಕೂತು ಎಷ್ಟು ಗದ್ದೆ ಸುತ್ತಿದ್ದೇನೋ. ಡ್ರೈವರ್ ಗೇರು ಬದಲಿಸಿದಾಗೆಲ್ಲ ನನ್ನ ಕೈಯೂ ತೊಡೆಯ ಮೇಲೆ ಗೇರು ಬದಲಿಸುತ್ತಿತ್ತು. ಸ್ಟಿಯರಿಂಗ್ ಮುಟ್ಟಲು ಮಾತ್ರ ಆತ ಒಂದು ದಿನವೂ ಬಿಡಲಿಲ್ಲ. ಆಮೇಲೆ ಮಗ ರಮೇಶ ಓದಿ ಎರ್ನಾಕುಲಂನಲ್ಲಿ ಸರಕಾರಿ ಕೆಲಸ ಹಿಡಿದ. ನಾವೆಲ್ಲ ಅಲ್ಲೇ ಕಲೂರಿನ ಒಂದು ಓಣಿಯ ಬಾಡಿಗೆ ಮನೆಗೆ ಬಂದೆವು. ಅಲ್ಲಿ ಒಂದು ಸಂಜೆ ಬಸ್ ಸ್ಟ್ಯಾಂಡಿನಿಂದ ಬರುವಾಗ ಗುಜರಿ ಅಂಗಡಿಯ ಬಾಗಿಲಲ್ಲಿ ಒಂದು ಸ್ಟಿಯರಿಂಗ್ ನೇತಾಡುತ್ತಿತ್ತು. ಅದೇ ನಮೂನೆಯದು. ಕೈ ಕೇಳಲಿಲ್ಲ, ತಂದುಬಿಟ್ಟೆ.

ಹೆಂಡತಿ ಸರಸ್ವತಿ ಅದನ್ನು ಆಚೆ ಈಚೆ ತಿರುಗಿಸಿ ನೋಡಿದಳು. "ಇದನ್ನೆಂತ ಮಾಡುವುದು ಮಾರಾಯ್ರೇ? ದೋಸೆ ಹೊಯ್ಯಲಿಕ್ಕಾಗ್ತದಾ?" ಎಂದಳು. "ಸುಮ್ಮನೆ ಗೋಡೆಯಲ್ಲಿರಲಿ" ಎಂದೆ.

ಆದರೆ ಸ್ಟಿಯರಿಂಗ್ ಒಂದೇ ಗೋಡೆಯಲ್ಲಿದ್ದರೆ ಅನಾಥ ಮಗುವಿನ ಹಾಗೆ ಕಾಣುತ್ತದೆ. ಅದಕ್ಕೊಂದು ಟ್ರಾಕ್ಟರು ಹುಡುಕುವುದು ನನ್ನ ಧರ್ಮವಾಯಿತು. ಆಲುವದ ಆಚೆ ಒಂದು ಗದ್ದೆಯ ಬದುವಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ಒಂದು ಮಲಗಿತ್ತು. ನಮ್ಮ ಓಣಿಗೆ ಲಾರಿ ಬರುವುದಿಲ್ಲ. ಹಾಗಾಗಿ ಅದನ್ನು ಬಿಚ್ಚಿ, ಸಾಮಾನು ಸಾಗಿಸುವ ಪೆಟ್ಟಿ ಆಟೋದಲ್ಲಿ ತುಂಡು ತುಂಡಾಗಿ ತಂದೆ. ಮನೆಯವರಿಗೆ ಅಂದಾಜು ಸಿಗುವಷ್ಟರಲ್ಲಿ ಅರ್ಧ ಟ್ರಾಕ್ಟರು ಅಂಗಳದಲ್ಲಿತ್ತು. ಆಮೇಲೆ ಉಪ್ಪಿನಕಾಯಿ ಭರಣಿಯಲ್ಲಿ ನಟ್ಟು, ಇಡ್ಲಿ ತಟ್ಟೆಯ ಗುಳಿಗಳಲ್ಲಿ ವಾಷರು, ಮಗನ ಹಳೆ ಅಂಗಿಗಳೆಲ್ಲ ಗ್ರೀಸು ಒರೆಸುವ ಬಟ್ಟೆ. ಇದು ನೆಲಗಡಲೆ ತಿಂದ ಹಾಗೆ. ಇದೊಂದು ತುಕ್ಕು ಉಜ್ಜಿ ಏಳುವ ಅಂದುಕೊಂಡರೆ ಪಕ್ಕದಲ್ಲಿ ಇನ್ನೊಂದು ಕಾಣುತ್ತದೆ, ಕೈ ಹೋಗುತ್ತದೆ. ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ಒಮ್ಮೆ ಪಿಸ್ಟನ್ನೇ ಕಂಡಿತು. ಅಷ್ಟು ಬೆಳ್ಳಗೆ ಹೊಳೆಯುವುದು ಬೇರೆ ಏನಿದೆ ಎಂದು ನಾನೂ ಕೈ ಮುಗಿದೆ.

ಕೊನೆಗೆ ಎಲ್ಲ ಜೋಡಿಸಿ, ಕೆಂಪು ಬಣ್ಣ ಬಳಿದು, ಸ್ಟಾರ್ಟ್ ಮಾಡಿದೆ. ಇಂಜಿನ್ ಡಬಡಬ ಹೊಡೆದುಕೊಂಡಿತು. ಆದರೆ ಒಂದು ಬೀಡಿ ಸೇದುವಷ್ಟು ಹೊತ್ತು ಓಡಿ, ಕೆಮ್ಮಿ, ನಿಂತಿತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಡೀಸೆಲ್ ಇದೆ. ಫಿಲ್ಟರಿನ ಗಾಳಿ ತೆಗೆದು, ಮುಚ್ಚಳ ಬಿಗಿದು ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತೆ ಒಂದು ಬೀಡಿ. ಪಂಪು ಬಿಚ್ಚಿದೆ, ಪೈಪು ಬದಲಿಸಿದೆ, ಬೀಡಿಯನ್ನೂ ಬಿಟ್ಟೆ. ಅದು ತನ್ನ ಅಳತೆ ಬಿಡಲಿಲ್ಲ.

ಅಷ್ಟರಲ್ಲಿ ರಮೇಶನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಮನೆಯ ಮಾಲಿಕ ತೋಮಸ್ ಚೇಟ್ಟನ್ ಒಳ್ಳೆಯವರು. ಆದರೆ ಮಗಳ ಮದುವೆ, ನಮ್ಮ ಅಂಗಳದಲ್ಲೇ ಅವರಿಗೆ ಚಪ್ಪರ ಹಾಕಬೇಕು. ರಮೇಶ ನನ್ನ ಮುಖ ನೋಡದೆ ತೀರ್ಪು ಹೇಳಿದ. "ಅಪ್ಪಾ, ಲಾರಿ ದೊಡ್ಡ ರಸ್ತೆಯಲ್ಲಿ ನಿಲ್ತದೆ. ಅಲ್ಲಿವರೆಗೆ ಇದು ನಡ್ಕೊಂಡು ಬಂದ್ರೆ ನಮ್ಮೊಟ್ಟಿಗೆ ಬರ್ಲಿ, ಅಲ್ಲಿ ಜಾಗ ಉಂಟು. ಬಾರದಿದ್ರೆ ಗುಜರಿಯವ ಬಂದು ಕತ್ತರಿಸಿಕೊಂಡು ಹೋಗ್ತಾನೆ. ಪುನಃ ಬಿಚ್ಚುದಕ್ಕೆ ಸಮಯ ಇಲ್ಲ." ನಮ್ಮ ಓಣಿ ಹಾವಿನ ಹಾಗೆ ತಿರುಗಿ, ಏರಿ, ನೀರಿನ ತೋಡಿನ ಮೇಲಿನ ಗೂನು ಸೇತುವೆ ದಾಟಿ ರಸ್ತೆಗೆ ಸೇರುತ್ತದೆ. ಅಷ್ಟು ದೂರ ತಳ್ಳಲು ಅದೇನು ಕೈಗಾಡಿಯೇ?

ಇವತ್ತು ಬೆಳಿಗ್ಗೆ ಮನೆ ಸಾಮಾನೆಲ್ಲ ಲಾರಿಗೆ ಹೋಗಿತ್ತು. ನಾನು ಜೀವಮಾನದಲ್ಲಿ ಮೊದಲ ಸಲ ಓಡಿಸಲೆಂದು ಸ್ಟಿಯರಿಂಗಿನ ಹಿಂದೆ ಕೂತೆ. ಅಮ್ಮು ಮಡ್‌ಗಾರ್ಡು ಹತ್ತಿದಳು. ಅವಳಿಗೆ ನಮ್ಮ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಅಜ್ಜಾ, ವಂಡಿ ಓಡುಮೋ?" ಎಂದು ಕೇಳಿದಳು. "ಓಡ್ತದೆ ಮಗಾ" ಎಂದೆ. ಎರಡು ತಿರುವು ದಾಟಿತು. ಸೇತುವೆಯ ಬುಡಕ್ಕೆ ಬಂದು ಕೆಮ್ಮಿತು. ನಿಂತಿತು.

ಓಣಿ ಪೂರ್ತಿ ಬಂದ್. ಹಿಂದೆ ಎರಡು ಆಟೋ, ಒಬ್ಬ ಮೀನಿನವನು, ಮುಂದೆ ಗುಜರಿಯವನು. ಅವನು ಟ್ರಾಕ್ಟರಿಗೊಂದು ಸುತ್ತು ಬಂದು, ಇಲ್ಲೇ ಕತ್ತರಿಸಿದರೆ ತನಗೆ ಹೊರಲು ಸುಲಭ ಎಂದ. ರಮೇಶ ವಾಚು ನೋಡಿದ. ನಾನು ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ.

ಆಗ ಆಟೋಗಳ ಸಂದಿಯಿಂದ ಸರಸ್ವತಿ ಬಂದಳು, ಕಂಕುಳಲ್ಲಿ ಮಜ್ಜಿಗೆಯ ಮಣ್ಣಿನ ಕುಡಿಕೆ, ಸೀರೆಯೆಲ್ಲ ಮಜ್ಜಿಗೆ.

"ನನ್ನ ಹಲಸಿನ ಮೇಣ ಎಲ್ಲಿ? ಕುಡಿಕೆ ಸೋರ್ತಾ ಉಂಟು."

"ಈಗ ಮೇಣದ ವಿಷಯ ಮಾತಾಡುವ ಹೊತ್ತಾ?"

"ಮತ್ತೆ ಯಾವಾಗ? ತಿರುವನಂತಪುರಕ್ಕೆ ಮುಟ್ಟುವಾಗ ಮಜ್ಜಿಗೆ ಇರ್ಬೇಡ್ವಾ? ಕಿಟಕಿಯಲ್ಲಿ ಇಟ್ಟದ್ದು ನೀವಲ್ಲದೆ ಯಾರು ತೆಗೀತಾರೆ?"

ಮೇಣ ಅಂದರೆ ನಮ್ಮ ಕಡೆಯ ಸರ್ವರೋಗದ ಮದ್ದು. ಹಲಸಿನ ಹಣ್ಣು ಕೊಯ್ಯುವಾಗ ಬರುವ ಅಂಟನ್ನು ಕೋಲಿಗೆ ಸುತ್ತಿ ಇಟ್ಟುಕೊಂಡು, ಸೋರುವ ಪಾತ್ರೆಗೆಲ್ಲ ಬಿಸಿಮಾಡಿ ಮೆತ್ತುತ್ತೇವೆ. ಸರಸ್ವತಿ ಪ್ರತಿ ವರ್ಷ ಊರಿನಿಂದ ತರುತ್ತಾಳೆ. ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ನನಗೊಂದು ಸೂಜಿ ತೂತು ಸಿಕ್ಕಿತ್ತು. ತುಕ್ಕು ತಿಂದದ್ದೆಂದು ತಿಳಿದು, ಮಳೆನೀರು ಇಳಿಯಬಾರದಲ್ಲ ಎಂದು, ಟ್ರಾಕ್ಟರು ಸ್ಟಾರ್ಟ್ ಆಗುವುದಕ್ಕೂ ಮೊದಲೇ ಒಳ್ಳೆ ಉಂಡೆ ಮೇಣ ಮೆತ್ತಿದ್ದೆ. ಆ ಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಅವಳ ಕಣ್ಣು ಅಲ್ಲಿಗೇ ಬಿತ್ತು. "ಓ, ಇಲ್ಲುಂಟು" ಎಂದವಳೇ ತಲೆಯ ಪಿನ್ನು ತೆಗೆದು ಮೇಣ ಕಿತ್ತಳು. ಟ್ಯಾಂಕು ಸುಯ್ಯೆಂದು ಉದ್ದಕ್ಕೆ ಉಸಿರೆಳೆಯಿತು, ನೀರಲ್ಲಿ ಮುಳುಗಿದ್ದವನು ತಲೆ ಎತ್ತಿದ ಹಾಗೆ.

ಆ ಶಬ್ದ ಕೇಳಿದ ಮೇಲೆ ನನ್ನ ತಲೆಗೆ ಹೋಯಿತು. ಡೀಸೆಲ್ ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಗಾಳಿ ಒಳಗೆ ಹೋಗಬೇಕು. ತೂತು ಅದಕ್ಕೇ ಇಟ್ಟದ್ದು. ಇಷ್ಟು ತಿಂಗಳು ನಾನು ಒಂದು ಕೈಯಲ್ಲಿ ಟ್ರಾಕ್ಟರಿಗೆ ಬಣ್ಣ ಬಳಿದು, ಇನ್ನೊಂದು ಕೈಯಲ್ಲಿ ಅದರ ಮೂಗು ಮುಚ್ಚಿದ್ದೆ. ಮುಚ್ಚಳ ತೆಗೆದು ನೋಡಿದಾಗೆಲ್ಲ ಅದು ಒಂದು ಉಸಿರು ತೆಗೆದುಕೊಳ್ಳುತ್ತಿತ್ತು, ನಾನು ಪುನಃ ಬಿಗಿಯುತ್ತಿದ್ದೆ.

ಇಳಿದು ಫಿಲ್ಟರಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿದೆ. ಒಂದು ಬೀಡಿ ಹೊತ್ತು ಕಳೆಯಿತು. ಎರಡು ಕಳೆಯಿತು. ಗೇರು ಹಾಕಿದೆ. ಸೇತುವೆಯ ಗೂನು ಹತ್ತಿ ಇಳಿದು, ರಸ್ತೆಗೆ ಬಂದು, ಹಲಗೆಯ ಮೇಲೆ ಮೆಲ್ಲಗೆ ಲಾರಿ ಏರಿತು. ಮೀನಿನವನು ಅಮ್ಮುವನ್ನು ಯಾರ ಗಾಡಿ ಎಂದು ಕೇಳಿದನಂತೆ. ಅವಳು ಅಚ್ಚ ಕನ್ನಡದಲ್ಲಿ "ನಮ್ಮ ಅಜ್ಜಂದು" ಎಂದಳಂತೆ. ಲಾರಿಯ ಹಿಂದೆ ನಿಂತು ರಮೇಶ ಯಾರಿಗೋ ಮೊಬೈಲಿನಲ್ಲಿ "ಪೂರ್ತಿ ನಮ್ಮ ಅಪ್ಪನೇ ಮಾಡಿದ್ದು" ಎನ್ನುತ್ತಿದ್ದ. ನಾನು ಕೇಳಿಸದವನ ಹಾಗೆ ಹಗ್ಗ ಬಿಗಿಯುತ್ತಿದ್ದೆ. ಅದೇ ಗಂಟನ್ನು ಸುಮಾರು ಸಲ ಬಿಗಿದೆ.

ಸಂಜೆ ತಿರುವನಂತಪುರದ ಹೊಸ ಮನೆಯಲ್ಲಿ ಗಂಟುಮೂಟೆಗಳ ನಡುವೆ ನೆಲದಲ್ಲೇ ಎಲೆ ಹಾಕಿ ಎಲ್ಲರೂ ಊಟಕ್ಕೆ ಕೂತೆವು. ಸೊಸೆ ಅನ್ನ ಬಡಿಸಿದಳು. ಬಾಗಿಲಾಚೆ ಅಂಗಳದಲ್ಲಿ ಟ್ರಾಕ್ಟರು ಕಾಣುತ್ತಿತ್ತು. ಕೊನೆಗೆ ಮಜ್ಜಿಗೆ ಬಂತು. ಕುಡಿಕೆಯ ಬುಡಕ್ಕೆ ಅದೇ ಮೇಣ, ಒಂದು ತೊಟ್ಟೂ ಸೋರಿರಲಿಲ್ಲ. ರಮೇಶ ಒಂದು ಗುಟುಕು ಕುಡಿದು ಹೆಂಡತಿಯ ಮುಖ ನೋಡಿದ. ಸೊಸೆ ಲೋಟ ಮೂಸಿ ಕೆಳಗಿಟ್ಟಳು. "ಡೀಸೆಲ್ ಮಣಂ" ಎಂದು ಅಮ್ಮು ಮೂಗು ಹಿಡಿದುಕೊಂಡಳು. ಸರಸ್ವತಿ ನನ್ನನ್ನು ದುರುಗುಟ್ಟಿ ನೋಡಿದಳು.

ನಾನೂ ಕುಡಿದು ನೋಡಿದೆ. ನನಗೇನೂ ವಾಸನೆ ಬರಲಿಲ್ಲ. ಇನ್ನೊಂದು ಲೋಟ ಹಾಕಿಸಿಕೊಂಡೆ.