ಗಂಡಸರ ಗ್ಲೌಸು

ಹೆಂಡತಿ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡ ಗಂಡಸು ಎಕ್ವಡಾರಿನ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನು ಪುಂತಾ ಪಾಲೊಮಾದ ಎರ್ಮೋಹೆನೆಸ್ ಅಂತೂ ಅಲ್ಲ.

ಮರುದಿನ ಬೆಸ್ತರ ಸಂತ ಸಾನ್ ಪೇದ್ರೊನ ಸಮುದ್ರ ಮೆರವಣಿಗೆ. ಮೂರ್ತಿಯನ್ನು ಹೊರುವ ಸರದಿ ಹದಿನಾಲ್ಕು ವರ್ಷ ಕಾದ ಮೇಲೆ ಎರ್ಮೋಹೆನೆಸನ ದೋಣಿಗೆ ಬಂದಿತ್ತು. ಸಂತನ ದೋಣಿ ನಡೆಸಿದವರೇ ಮುಂದಿನ ಹಬ್ಬದವರೆಗೆ ಅದರ ನಾಯಕರು, ಅವರ ಮಾತಿಗೆ ಎದುರಿಲ್ಲ. ಅದು ಊರಿನ ಪದ್ಧತಿ. (ಮನೆಯಲ್ಲಿ ಎಂದೂ ಸಿಗದ ಪದವಿ ಕಡಲಲ್ಲಾದರೂ ಸಿಗಲಿ ಎಂದು ಅವನ ಆಸೆ.) ಆದರೆ ಫೈಬರ್ ದೋಣಿಯ ಮೂತಿಯಲ್ಲಿ ಅಂಗೈಯಗಲ ಬಿರುಕು. ಅಂದೇ ರೆಸಿನ್ ಅಂಟು ಹಚ್ಚಿ ಮುಚ್ಚಬೇಕು.

ಹೆಂಡತಿ ದಿಯೋಸೆಲಿನಾ ಮೀನು ಹೆಚ್ಚುವ ಶೆಡ್ಡಿನಿಂದ ನೀಲಿ ನೈಟ್ರೈಲ್ ರಬ್ಬರ್ ಗ್ಲೌಸು ತಂದಿಟ್ಟಳು.

"ನಾನೇನು ಹೆರಿಗೆ ಮಾಡಿಸಕ್ಕೆ ಹೊರಟಿದೀನಾ?" ಎಂದು ಅವನು ಗಾಳ ಎಳೆಯುವ ಹತ್ತಿಯ ಗ್ಲೌಸು ತೊಟ್ಟ. "ಆಳೆತ್ತರದ ಮೀನು ಎಳೆದ ಗ್ಲೌಸು ಇವು. ಡಬ್ಬಿಯೊಳಗಿನ ಗೋಂದಿಗೆ ಹೆದರ್ತವಾ?"

"ಮೀನು ಬಟ್ಟೆಯೊಳಗೆ ಇಳಿದು ಕಲ್ಲಾಗಲ್ಲ ಕಣ್ರೀ."

ಮಹಾಶಯ ಕೇಳಬೇಕಲ್ಲ. ಬೇಗ ಗಟ್ಟಿಯಾಗಲೆಂದು, ಅಂಟಿಗೆ ಬೆರೆಸುವ ಎರಡನೇ ಶೀಶೆಯ ದ್ರವವನ್ನೂ ಧಾರಾಳವಾಗಿ ಸುರಿದ. ಹತ್ತಿ ರೆಸಿನ್ನನ್ನು ಗಟಗಟ ಕುಡಿಯಿತು, ಬಿಸಿಯಾಯಿತು, ಆಮೇಲೆ ಸುಡತೊಡಗಿತು. ಮೋಡ ಕವಿದ ಜೂನ್ ತಿಂಗಳಲ್ಲಿ ಅವನು ಬೆವರುತ್ತಾ, ಇವತ್ತು ಬಿಸಿಲು ಜೋರು ಎಂದ. ಅಷ್ಟರಲ್ಲಿ ಬಲಗೈಗೆ ಬ್ರಷ್ಷೂ ಎಡಗೈಗೆ ಫೈಬರಿನ ತುಂಡೂ ಶಾಶ್ವತವಾಗಿ ಅಂಟಿಕೊಂಡಿದ್ದವು. ದಿಯೋಸೆಲಿನಾ ಮೀನಿನ ಕತ್ತರಿಯಿಂದ ಗ್ಲೌಸು ಕತ್ತರಿಸಿ ತೆಗೆದಾಗ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಅವನ ಕೈಗೆ ಪಟ್ಟಿ ಕಟ್ಟಿ, ನೀಲಿ ಗ್ಲೌಸು ತಾನು ತೊಟ್ಟು, ಅವಳೇ ಬಿರುಕು ಮುಚ್ಚಿದಳು. ಅವನು ಪಕ್ಕದಲ್ಲಿ ನಿಂತು, ಯಾರೂ ಕೇಳದ ಸಲಹೆಗಳನ್ನು ಕೊಟ್ಟ.

ಬೆಳಿಗ್ಗೆ ಹಬ್ಬದ ಹಿರಿಯ ದೋನ್ ಎವಾರಿಸ್ತೊ ಆ ಪಟ್ಟಿಗಳನ್ನು ನೋಡಿದರು. ಮೊಣಕೈಯಲ್ಲೇ ದೋಣಿ ನಡೆಸುತ್ತೇನೆಂದು ಎರ್ಮೋಹೆನೆಸ್ ಹಟ ಹಿಡಿದ.

"ಸಂತರಿಗೆ ಈಜು ಬರಲ್ಲ ಕಣಪ್ಪ" ಎಂದು ಹಿರಿಯರು ದಿಯೋಸೆಲಿನಾಳನ್ನು ಎಂಜಿನ್ ಹತ್ತಿರ ಕೂರಿಸಿದರು.

ಅವಳು ಒಂದು ಹನಿ ನೀರೂ ಸಿಡಿಯದಂತೆ ದೋಣಿ ನಡೆಸಿದಳು. ಮೂರ್ತಿಯ ಪಕ್ಕ ಇನ್ನೊಂದು ಮೂರ್ತಿಯಂತೆ ಕೂತ ಎರ್ಮೋಹೆನೆಸ್, ಎದುರಾದ ದೋಣಿಗಳಿಗೆಲ್ಲ ತಾನೇ ಅವಳಿಗೆ ಅವಕಾಶ ಕೊಟ್ಟಿದ್ದು ಎಂದು ಕೂಗಿ ಹೇಳಿದ.

ದಡದಲ್ಲಿ ಹಿರಿಯರು ನಾಯಕರ ಟೋಪಿಯನ್ನು ಅವಳ ತಲೆಗಿಟ್ಟರು. ಊರೆಲ್ಲ ಚಪ್ಪಾಳೆ ತಟ್ಟಿತು. ಅವಳು ಟೋಪಿ ಸರಿಮಾಡಿಕೊಂಡು ಗಂಡನತ್ತ ತಿರುಗಿ ಮೊದಲ ಆಜ್ಞೆ ಹೊರಡಿಸಿದಳು: "ಕೈ ವಾಸಿಯಾದ ದಿನದಿಂದ ಬಲೆ ತೊಳೆಯೋದು, ದೋಣಿ ತಿಕ್ಕೋದು ನಿಮ್ಮ ಕೆಲಸ."

ಎರ್ಮೋಹೆನೆಸ್ ಎದೆಯುಬ್ಬಿಸಿ ಎರಡೂ ಪಟ್ಟಿಗಳನ್ನು ಮೇಲೆತ್ತಿದ.

"ವಾಸಿಯಾಗಕ್ಕೆ ಮುಂದಿನ ಹಬ್ಬದವರೆಗೆ ಬೇಕು" ಎಂದ.