ಮೀಸೆ ಅಳಿಸಿದ ಮದುಮಗ

ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನಿಗೆ ಒಂದು ತೊಂದರೆ ಉಂಟು. ಅವನಿಗೆ ಬಾರದ ಕೆಲಸವೇ ಇಲ್ಲವೆಂದು ಊರವರು ನಂಬುತ್ತಾರೆ. ಸ್ವಲ್ಪ ದಿನಕ್ಕೆ ಅವನೂ ನಂಬಿಬಿಡುತ್ತಾನೆ. ಸಂತೆಕಲ್ಲೂರಿನಲ್ಲಿ ನಮ್ಮಪ್ಪ ಕುರಿ ಕಾಯುತ್ತಲೇ ನನ್ನನ್ನು ಬಿ.ಎ.ವರೆಗೆ ಓದಿಸಿದ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ರಜೆಗೆ ಊರಿಗೆ ಹೋದರೆ ಔಷಧದ ಬಾಟಲಿ ಓದಿಸಲು ಒಬ್ಬರು, ಕೆಟ್ಟ ರೇಡಿಯೋ ತೋರಿಸಲು ಇನ್ನೊಬ್ಬರು ಬರುತ್ತಿದ್ದರು. ನಾನು ಅದನ್ನೂ ಬಿಚ್ಚಿ ನೋಡುತ್ತಿದ್ದೆ. ಬಿಚ್ಚುವಷ್ಟು ವಿದ್ಯೆ ನನ್ನಲ್ಲಿತ್ತು.

ತೊಂಬತ್ತರ ದಶಕದಲ್ಲಿ, ಸಿಂಧನೂರಿನಲ್ಲಿ ಮಾಸ್ತರಿಕೆ ಮಾಡುವಾಗ, ಇದೇ ನಂಬಿಕೆಯಿಂದ ಬಣ್ಣಕ್ಕೆ ಕೈಹಾಕಿದೆ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಸ್ಟೀಲಿನ ಕೊಡ, ಗೋಡೆ ಗಡಿಯಾರ, ಮತ್ತೆ ಸ್ಟೀಲಿನ ಕೊಡ. ಇದರ ನಡುವೆ "ಮಾಸ್ತರರು ಸ್ವಂತ ಕೈಯಿಂದ ಬರೆದ ಚಿತ್ರ!" ಎಂದು ಕೂಗಿದರೆ ಹೇಗಿರುತ್ತದೆ? ಮಕ್ಕಳ ಚಿತ್ರಕಥೆಗಳ ಧಾಟಿಯಲ್ಲಿ, ಎತ್ತಿನ ಬಂಡಿಯಲ್ಲಿ ಕುಳಿತ ಗಂಡು ಹೆಣ್ಣನ್ನು ದಪ್ಪ ಗೆರೆಯಲ್ಲಿ ಬರೆದೆ. ದೊಡ್ಡ ತಲೆ, ಸಣ್ಣ ಮೈ, ಗಂಡಿಗೆ ದಪ್ಪ ಮೀಸೆ. ಅದೊಂದು ಬರೆಯುವಷ್ಟರಲ್ಲೇ ಸಾಕುಸಾಕಾಯಿತು. ಆಗ ಹೊಳೆಯಿತು: ಇದನ್ನೇ ಜೆರಾಕ್ಸ್ ಮಾಡಿಸಿದರೆ ಮದುವೆಗೊಮ್ಮೆ ಸೀರೆಯ ಬಣ್ಣ ಬದಲಿಸಿದರಾಯಿತಲ್ಲ!

ಬಸ್ ನಿಲ್ದಾಣದ ಎದುರಿಗಿದ್ದ ಜೆರಾಕ್ಸ್ ಅಂಗಡಿಯ ಖಾದರ್ ಭಾಯಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಸರ, ನನ್ನ ಮಷೀನು ಪಹಣಿ, ಮಾರ್ಕ್ಸ್ ಕಾರ್ಡು ಬಿಟ್ರ ಏನೂ ಕಂಡಿಲ್ರಿ. ಇದನ್ನ ನೋಡಿ ಗಾಬರಿ ಆದೀತು!" ಎಂದ.

ಗಾಬರಿಯಾದದ್ದು ನಾನು. ರಾಯಚೂರಿನಿಂದ ತರಿಸಿದ ಅಕ್ರಿಲಿಕ್ ಬಣ್ಣಕ್ಕೆ ನೀರು ಹೆಚ್ಚಾದರೆ ಜೆರಾಕ್ಸ್ ಕಾಗದ ಹಪ್ಪಳದಂತೆ ಸೆಟೆಯುತ್ತಿತ್ತು. ನೀರು ಕಡಿಮೆಯಾದರೆ ಬಣ್ಣವು ಗೆರೆಯನ್ನೇ ನುಂಗಿ, ಎತ್ತು ಯಾವುದು ಬಂಡಿ ಯಾವುದು ತಿಳಿಯುತ್ತಿರಲಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಬ್ರಷ್ಷು ಒಣಗಿ ಕಡ್ಡಿಯಾಗುತ್ತಿತ್ತು. ಒಂದು ಲುಂಗಿಯಂತೂ ಇಂದಿಗೂ ಅರ್ಧ ಹಸಿರು. ಕೊನೆಗೆ ಕಾಗದವನ್ನು ಮೈದಾ ಅಂಟಿನಿಂದ ರಟ್ಟಿಗೆ ಅಂಟಿಸಿ, ತೆಳ್ಳಗೆ ಬಳಿದರೆ ಗೆರೆಯೂ ಬಣ್ಣವೂ ಉಳಿಯುತ್ತವೆ ಎಂದು ಕಂಡುಕೊಂಡೆ. ಲಿಂಗಸುಗೂರಿನಲ್ಲಿ ಒಂದು ಮದುವೆ, ಮಸ್ಕಿಯಲ್ಲಿ ನನ್ನ ಹೆಂಡತಿಯ ತಂಗಿ ಮಲ್ಲಮ್ಮನ ಮದುವೆ. ಎರಡೂ ಕಡೆ ಮೈಕಿನವನು ನನ್ನ ಹೆಸರನ್ನು ಕೊಡಗಳಿಗಿಂತ ಜೋರಾಗಿ ಕೂಗಿದ.

ಒಂದು ಭಾನುವಾರ ಮಲ್ಲಮ್ಮ ಆ ಚಿತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಮಸ್ಕಿಯಿಂದ ಬಂದಳು. ಕಣ್ಣು ಕೆಂಪಾಗಿದ್ದವು.

"ಮಾವ, ನಮ್ಮತ್ತಿ ಏನಂತಾಳ ಗೊತ್ತೇನ್ರಿ? 'ನಿನ್ನ ಬಾಜೂಕ ಕುಂತಾಂವ ನನ್ನ ಮಗ ಅಲ್ಲ, ನಿಮ್ಮ ಅಕ್ಕನ ಗಂಡ' ಅಂತಾಳ. ನಮ್ಮ ಮನಿಯವರು ನನ್ನ ಕೂಡ ಮಾತ ಬಿಟ್ಟಾರ. ಒದ್ದಿ ಅರಿವೀಲೆ ಆ ಮೀಸಿ ತಿಕ್ಕಿ ತಿಕ್ಕಿ ನೋಡಿದೆ, ಹೋಗವಲ್ದು!"

"ಅಕ್ರಿಲಿಕ್ ಹಂಗೆಲ್ಲಾ ಹೋಗಂಗಿಲ್ಲವ್ವಾ" ಎಂದೆ. ಆ ಹೊತ್ತಿನಲ್ಲೂ ಹೆಮ್ಮೆ ಬಿಡಲಿಲ್ಲ.

ಹೆಂಡತಿ ಶರಣಮ್ಮ ಚಿತ್ರವನ್ನು ಬೆಳಕಿಗೆ ಹಿಡಿದಳು. "ಲಿಂಗಸುಗೂರಾಗೂ ನೋಡೀನಿ, ಅಲ್ಲೂ ಇದ ಮುಖ. ಆಯೇರಿ ಮಾಡಾಕ ಹೋಗಿ ಊರೂರಾಗ ಮದುವಿ ಆಗಿ ಬಂದೀರಿ. ಇರಲಿ, ಗಂಡು ನೀವು. ಈ ಹೆಣ್ಣು ಯಾರು?"

ಮಲ್ಲಮ್ಮನ ಸಂಸಾರದ ಜೊತೆಗೆ ಈಗ ನನ್ನದೂ ಅಲುಗಾಡತೊಡಗಿತು. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಊಟವೂ ಹೋಗುತ್ತದೆ. ಕೊನೆಗೆ ಮೈಬಣ್ಣ ಕಲಸಿ, ಮದುಮಗನ ಮೀಸೆಯ ಮೇಲೆ ಬಳಿದೆ. ಒಣಗಿದ ಮೇಲೆ ಅಕ್ಕತಂಗಿಯರ ಮುಂದಿಟ್ಟೆ. ಬಂಡಿಯಲ್ಲಿ ಒಂದೇ ಮುಖದ ಇಬ್ಬರು ಕುಳಿತಿದ್ದರು. ಒಬ್ಬರಿಗೆ ಸೀರೆ, ಇನ್ನೊಬ್ಬರಿಗೆ ಪೇಟ. ಕನ್ನಡಿ ನೋಡಿ ಒಂದು ಮುಖ ಬರೆಯಲು ಕಲಿತಿದ್ದೆ, ಎರಡನೆಯದು ನನಗೆ ಬರುತ್ತಿರಲಿಲ್ಲ.

"ಅಯ್ಯ ಮಾವ! ನಿಮ್ಮನ್ನ ನೀವ ಮದುವಿ ಆಗೀರಲ್ರೀ!" ಮಲ್ಲಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು. ಸಂಜೆಯ ಬಸ್ಸಿಗೇ ಚಿತ್ರ ಹೊತ್ತುಕೊಂಡು ಮಸ್ಕಿಗೆ ಹೋದಳು. ಅವಳ ಅತ್ತೆ ಅದನ್ನು ಪಡಸಾಲೆಯಲ್ಲೇ ತೂಗುಹಾಕಿ, ಬಂದವರಿಗೆಲ್ಲ ತೋರಿಸಿ ನಗುತ್ತಾಳೆಂದೂ, ಮಲ್ಲಮ್ಮನ ಗಂಡನಂತೂ ನಗುವುದಕ್ಕೋಸ್ಕರವೇ ಮಾತು ಶುರುಮಾಡಿದನೆಂದೂ ಆಮೇಲೆ ಸುದ್ದಿ ಬಂತು.

ನಗದವಳು ಶರಣಮ್ಮ ಒಬ್ಬಳೇ. ತಂಗಿಯನ್ನು ಬಸ್ಸಿಗೆ ಹತ್ತಿಸಿ ಬಂದು ನನ್ನೆದುರು ಕುಳಿತಳು. "ಬ್ಯಾರೆ ಹೆಂಗಸು ಅಂದಿದ್ರ ಒಂದ್ಸಲ ಜಗಳಾಡಿ ಬಿಡ್ತಿದ್ದೆ. ಮದುವಿಯಾಗಿ ಇಷ್ಟು ವರ್ಷ ಆತು. ಹೆಣ್ಣಿನ ಮುಖ ಬರ್ಯಾಕ ಕುಂತಾಗ ನನ್ನ ಮುಖ ನೆನಪಿಗೆ ಬರಲಿಲ್ಲೇನ್ರಿ?"

"ಕುಂತಿರು, ಈಗ ಬರೀತೀನಿ" ಎಂದು ಪೆನ್ಸಿಲು ತೆಗೆದೆ. ಅವಳು ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಫೋಟೋಕ್ಕೆ ಕುಳಿತವಳಂತೆ ಕುಳಿತಳು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಲೆಯ ಮೇಲಿನ ಬೇಳೆ ಸೀದುಹೋಯಿತು. ಕೊನೆಗೆ ಕಾಗದವನ್ನು ಅವಳ ಕೈಗೆ ಕೊಟ್ಟೆ. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಮೂಗುತಿ ನಂದ ಐತ್ರಿ" ಎಂದಳು. "ಉಳಿದದ್ದೆಲ್ಲಾ ನೀವ."