ಹಳದಿ ಮುಖದ ಬಾಣಂತಿ

ಹಕ್ಕಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು ನಾನು. ಬಂದವರ ಮುಖ ನೋಡಿಯೇ ಇಳಕಲ್ ಬೇಕೋ ವಾಯಿಲ್ ಬೇಕೋ ಹೇಳಿಬಿಡುತ್ತಿದ್ದೆ.

ನಯಾಪೈಸೆ ಬಂದ ಹೊಸತು. ಬೊಂಬಾಯಿಯಲ್ಲಿದ್ದ ನಮ್ಮಣ್ಣ ಜುಟ್ಟಿನ ವಿಲಾಯತಿ ಗಿಳಿಗಳ ಜೋಡಿಯೊಂದನ್ನು ತಂದುಕೊಟ್ಟ. ಕಾಕಟೀಲ್ ಅಂತೆ. ಒಂದರ ಮುಖ ಅಚ್ಚ ಹಳದಿ, ಕೆನ್ನೆ ಕೆಂಪು. ಇನ್ನೊಂದರ ಮುಖ ಬರೀ ಬೂದು. ಅರಿಶಿನ ಕುಂಕುಮ ಹಚ್ಚಿಕೊಂಡದ್ದು ಗೌರಿ, ವಿಭೂತಿ ಬಳಿದುಕೊಂಡದ್ದು ಶಂಕರ. ತೀರ್ಪು ಅಲ್ಲಿಗೆ ಮುಗಿಯಿತು.

ಮರಿಯಾದರೆ ಒಂದು ನಿಮಗೇ ಎಂದು ಆನವಟ್ಟಿಯ ಮಾವನವರಿಗೆ ಮಾತು ಕೊಟ್ಟೆ. ಅಳಿಯನ ಕೈಯಲ್ಲಿ ಯಾವ ಕೆಲಸವೂ ನೆಟ್ಟಗಾಗುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ ಮಹಾನುಭಾವರು ಅವರು. ಈ ಸಲ ಅವರ ಬಾಯಿ ಮುಚ್ಚಿಸಲೇಬೇಕಿತ್ತು.

ಪಂಜರದ ಮರದ ಪೆಟ್ಟಿಗೆಯಲ್ಲಿ ಒಂದು ದಿನ ಎರಡು ಮೊಟ್ಟೆ ಕಂಡವು. ಹಳದಿ ಮುಖ ಹಗಲೆಲ್ಲ ಅವುಗಳ ಮೇಲೆ ಕೂತೇ ಇತ್ತು. ಗೌರಿ ಬಾಣಂತಿಯಾದಳೆಂದು ನಾನು ಓಣಿಗೆಲ್ಲ ಸಾರಿದೆ. ಇತ್ತ ತೊಟ್ಟಿಲಲ್ಲಿ ನಮ್ಮದೇ ಎಳೆಗೂಸು ಅಳುತ್ತಿತ್ತು. ಹೆಂಡತಿ ನೀಲಮ್ಮ ಒಲೆಯ ಮುಂದಿದ್ದಳು.

"ರೀ, ಒಂಚೂರು ತೊಟ್ಲು ತೂಗ್ರಿ."

"ಅದೇನು ಗಂಡಸ್ರ ಕೆಲ್ಸನಾ? ಗೌರಿನ ನೋಡಿ ಕಲಿ. ತುಟಿ ಪಿಟಕ್ ಅನ್ನದಂಗೆ ಕೂತಾಳ."

ನೀಲಮ್ಮನ ಬಾಣಂತನಕ್ಕೆಂದು ಮಾಡಿಟ್ಟ ಅಂಟಿನುಂಡೆಗಳಲ್ಲಿ ಒಂದನ್ನು ಪುಡಿಮಾಡಿ ಗೌರಿಯ ಮುಂದಿಟ್ಟೆ. ಗೌರಿ ಅದನ್ನು ತುಳಿದುಕೊಂಡು ಹೋದಳು.

ಸಂಜೆ ಶಂಕರ ಪೆಟ್ಟಿಗೆಯೊಳಗೆ ನುಗ್ಗಲು ಬಂದ. ಬಾಣಂತಿ ಕೋಣೆಗೆ ಗಂಡ ಕಾಲಿಡುವುದೇ? ನಮ್ಮ ಮನೆತನದಲ್ಲಿ ನಡೆಯದ ಮಾತು. ಅವನನ್ನು ಹಿಡಿದು, ಬೆರಳು ಕಚ್ಚಿಸಿಕೊಂಡು, ಬೇರೊಂದು ಪಂಜರಕ್ಕೆ ಹಾಕಿ ಪಡಸಾಲೆಗೆ ಗಡೀಪಾರು ಮಾಡಿದೆ.

"ಆ ಬೂದಿ ಹಕ್ಕಿ ಹೊಟ್ಟಿ ಯಾಕೋ ಭಾರ ಐತ್ರಿ," ಎಂದಳು ನೀಲಮ್ಮ.

"ಗಂಡಸ್ರಿಗೆ ಹೊಟ್ಟಿ ಇರಬಾರ್ದೇನು?"

ಅವಳು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ಒಲೆಯ ಕಡೆ ತಿರುಗಿದಳು.

ಮರುದಿನ ಬೆಳಗ್ಗೆ ಅವಳೇ ಕೂಗಿದಳು. "ಬರ್ರಿ ಇಲ್ಲಿ. ನಿಮ್ಮ ಶಂಕರ ಹಡೆದಾನ."

ಪಡಸಾಲೆಯ ಪಂಜರದಲ್ಲಿ ಶಂಕರನ ಕಾಲ ಬಳಿ ಬೆಳ್ಳನೆಯ ಮೊಟ್ಟೆ!

ಹಾಗಾದರೆ ಹಗಲೆಲ್ಲ ಕೂತಿದ್ದದ್ದು ಅಪ್ಪ. ಸಂಜೆ ಪಾಳಿ ಬದಲಿಸಲು ಬಂದ ತಾಯಿಯನ್ನೇ ನಾನು ಹೊರಗೆ ಹಾಕಿದ್ದೆ. ಮೊಟ್ಟೆಗಳು ಸತ್ತೇಹೋದವು ಎಂದುಕೊಂಡು ಪೆಟ್ಟಿಗೆಗೆ ಕೈಹಾಕಿದರೆ ಇನ್ನೂ ಬೆಚ್ಚಗಿದ್ದವು. ಹಳದಿ ಮುಖದವನು ರಾತ್ರಿಯೆಲ್ಲ ಜಾಗ ಬಿಟ್ಟು ಕದಲಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ತಾಯಿಯನ್ನೂ ಹೊಸ ಮೊಟ್ಟೆಯನ್ನೂ ಒಳಗೆ ಬಿಟ್ಟೆ. ಅವನು ಎದ್ದು ನೇರವಾಗಿ ನೀರಿನ ಬಟ್ಟಲಿಗೆ ಹೋದ.

"ಅವನೂ ಗಂಡಸ ನೋಡ್ರಿ," ಎಂದಳು ನೀಲಮ್ಮ. ಅಷ್ಟರಲ್ಲಿ ಕೂಸು ಅತ್ತಿತು. ಈ ಸಲ ನನ್ನನ್ನು ಯಾರೂ ಕರೆಯಬೇಕಾಗಲಿಲ್ಲ.

ಕೊನೆಗೆ ಎರಡು ಮರಿಗಳಾದವು. ಬಸ್ಸು ಹತ್ತಿ ಬಂದ ಮಾವನವರು ಮರಿಗಳನ್ನು ನೋಡಿದರು, ತೊಟ್ಟಿಲ ಹಗ್ಗ ಹಿಡಿದು ಕೂತಿದ್ದ ನನ್ನನ್ನೂ ನೋಡಿದರು.

"ಅಂತೂ ಅಳಿಯಂದ್ರ ಕೈಯಾಗ ಒಂದು ಕೆಲ್ಸ ನೆಟ್ಟಗಾತು. ಇವನ್ನ ಕಾವು ಕೊಟ್ಟು ಮಾಡಿದ್ದು ಯಾರವ್ವಾ?"

"ಅವರಪ್ಪ," ಎಂದ ನೀಲಮ್ಮ ಒಳಗಿನಿಂದ ಉಳಿದಿದ್ದ ಅಂಟಿನುಂಡೆ ತಂದು ನನ್ನ ಮುಂದಿಟ್ಟಳು. "ತಿನ್ರಿ. ಪಾಳಿ ಮುಗಿಯೋದು ಇನ್ನೂ ತಡ ಐತಿ."

ನಾನು ತುಟಿ ಪಿಟಕ್ಕೆನ್ನದೆ ತಿಂದೆ.